ಥೀಸಿಯಸನ ಮೂರು ವರಗಳು



ಕಳೆದ ಬಾರಿ ನಮ್ಮೂರ ಕೆರೆಯ ತೂಬಿನ ಇತಿಹಾಸವನ್ನು ಬರೆದಿದ್ದೆ. ಈ ಸಲ ಬಹುದೂರದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಸುಮಾರು ಮುನ್ನೂರು ವರ್ಷಗಳ ಹಿಂದಿನ ಫ್ರಾನ್ಸ್, ಅಲ್ಲಿನ ರಾಜಾಶ್ರಯದ ರಂಗಮಂದಿರ, ಅಲ್ಲಿ ಹಾಡಲ್ಪಟ್ಟ ಒಂದು ದುರಂತ ಗೀತನಾಟಕ. "ಮೇಷ್ಟ್ರಿಗೆ ನಿವೃತ್ತಿಯ ಮೇಲೆ ಇದೇನು ಹೊಸ ಹುಚ್ಚು" ಎಂದು ನಿಮ್ಮಲ್ಲಿ ಕೆಲವರು ನಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಗಿರಿ. ಆದರೆ ಕೊನೆಯವರೆಗೂ ಓದಿರಿ. ಇದನ್ನು ಬರೆಯುವುದಕ್ಕೆ ನನಗೊಂದು ಕಾರಣವಿದೆ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಹೊರಗೆ ಕಾಲಿಡಲಾಗದ ಒಂದು ಸಂಜೆ, ಅಳಿಯ ತನ್ನ ಕಂಪ್ಯೂಟರಿನಲ್ಲಿ ಈ ನಾಟಕದ ಚಿತ್ರೀಕರಣವನ್ನು ಹಾಕಿಕೊಟ್ಟು ಕಚೇರಿಯ ಕೆಲಸಕ್ಕೆ ಕುಳಿತ. ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳ ಅರ್ಥ ಬರುತ್ತಿತ್ತು. ಮೊದಲರ್ಧ ಗಂಟೆ ತೂಕಡಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಅನಂತರ ನಿದ್ದೆ ಹಾರಿಹೋಯಿತು. ಅಂದಿನಿಂದ ಈ ಕೃತಿಯ ಬಗೆಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.

ನಾಟಕದ ಹೆಸರು 'ಇಪ್ಪೊಲಿತ್ ಎ ಅರಿಸಿ', ಅಂದರೆ 'ಹಿಪೊಲಿಟಸ್ ಮತ್ತು ಅರಿಸಿ'. ಸಂಗೀತ ಝಾಂ-ಫಿಲಿಪ್ ರಾಮೋ ಎಂಬವನದು; ಸಾಹಿತ್ಯ ಸಿಮೋನ್-ಜೋಸೆಫ್ ಪೆಲ್ಲೆಗ್ರ್ಯಾಂ ಎಂಬ ಪಾದ್ರಿಯದು. 1733ರ ಅಕ್ಟೋಬರ್ 1ರಂದು ಪ್ಯಾರಿಸಿನ ರಾಜ ಸಂಗೀತ ಅಕಾಡೆಮಿಯಲ್ಲಿ ಮೊದಲ ಪ್ರಯೋಗ ನಡೆಯಿತು. ಫ್ರೆಂಚ್ ಉಚ್ಚಾರ ನಮ್ಮ ನಾಲಿಗೆಗೆ ಒಗ್ಗದಾದ್ದರಿಂದ ಪಾತ್ರಗಳನ್ನು ನಮಗೆ ಪರಿಚಿತವಾದ ಗ್ರೀಕ್ ಹೆಸರುಗಳಿಂದಲೇ ಕರೆಯುತ್ತೇನೆ.

ಮೊದಲು ಸಂಗೀತಗಾರನ ವಿಷಯ. ರಾಮೋ ಹುಟ್ಟಿದ್ದು 1683ರಲ್ಲಿ, ದಿಜೋನ್ ನಗರದಲ್ಲಿ. ತಂದೆ ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು. ಮಗನೂ ಅದೇ ವೃತ್ತಿ ಹಿಡಿದು ಊರಿಂದೂರಿಗೆ ಅಲೆದ. 1722ರಲ್ಲಿ 'ಸ್ವರಮೇಳದ ಶಾಸ್ತ್ರ' ಎನ್ನಬಹುದಾದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ ಪಂಡಿತನೆಂಬ ಹೆಸರು ಪಡೆದ. ಆದರೆ ಆ ಹೆಸರೇ ಅವನಿಗೆ ತೊಡಕಾಯಿತು. ಶಾಸ್ತ್ರ ಬರೆಯುವವನಿಗೆ ಹಾಡು ಕಟ್ಟಲು ಬರುತ್ತದೆಯೇ ಎಂದು ಜನ ಅನುಮಾನಿಸಿದರು. (ನಮ್ಮಲ್ಲಿಯೂ ವ್ಯಾಕರಣದ ಮೇಷ್ಟ್ರು ಪದ್ಯ ಬರೆದರೆ ಇದೇ ಗತಿಯಲ್ಲವೆ?) 1727ರಲ್ಲಿ ಅವನು ಹೆಸರಾಂತ ಕವಿಯೊಬ್ಬನಿಗೆ ಪತ್ರ ಬರೆದು, ತನಗೊಂದು ನಾಟಕ ಬರೆದುಕೊಡಬೇಕೆಂದೂ, ತನ್ನ ಶಾಸ್ತ್ರಜ್ಞಾನ ಹಾಡಿಗೆ ಅಡ್ಡಿಯಾಗದೆಂದೂ ಕೇಳಿಕೊಂಡ. ಫಲ ಸಿಗಲಿಲ್ಲ. ಮೊದಲ ಗೀತನಾಟಕ ರಂಗವೇರಿದಾಗ ಅವನಿಗೆ ಐವತ್ತು ತುಂಬಿತ್ತು. ಆ ಕಾಲದಲ್ಲಿ ಐವತ್ತೆಂದರೆ ಮುದಿತನ.

ಪೆಲ್ಲೆಗ್ರ್ಯಾಂ ಪಾದ್ರಿಯೂ ಅಂಥ ಎಳೆಯನೇನಲ್ಲ, ಎಪ್ಪತ್ತರ ಹೊಸ್ತಿಲಲ್ಲಿದ್ದ. ಬೆಳಿಗ್ಗೆ ದೇವರ ಪೂಜೆಯಿಂದಲೂ ಸಂಜೆ ನಾಟಕದಿಂದಲೂ ಹೊಟ್ಟೆ ಹೊರೆಯುವವನೆಂದು ಊರು ಅವನನ್ನು ಹಾಸ್ಯ ಮಾಡುತ್ತಿತ್ತು. ಹೊಸಬನಾದ ರಾಮೋನನ್ನು ನಂಬದೆ, ನಾಟಕ ಬಿದ್ದುಹೋದರೆ ಐನೂರು ಲಿವ್ರ್ ಕೊಡಬೇಕೆಂದು ಪತ್ರ ಬರೆಸಿಕೊಂಡಿದ್ದನೆಂದೂ, ಅಭ್ಯಾಸದ ದಿನ ಮೊದಲಂಕದ ಸಂಗೀತ ಕೇಳಿದೊಡನೆ ಆ ಪತ್ರವನ್ನು ಹರಿದೆಸೆದನೆಂದೂ ಒಂದು ಕಥೆಯಿದೆ. ಕಥೆ ನಿಜವೋ ಸುಳ್ಳೋ, ಆದರೆ ಸೊಗಸಾಗಿದೆ.

ಫ್ರೆಂಚರ ಈ ಬಗೆಯ ನಾಟಕಕ್ಕೆ ಆಗಲೇ ಅರವತ್ತು ವರ್ಷಗಳ ಪರಂಪರೆಯಿತ್ತು. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಲುಲ್ಲಿ ಎಂಬ ಸಂಗೀತಗಾರನೂ ಕಿನೋ ಎಂಬ ಕವಿಯೂ ಕೂಡಿ 1673ರಲ್ಲಿ ಈ ಪ್ರಕಾರವನ್ನು ಸ್ಥಾಪಿಸಿದ್ದರು. ಒಂದು ಪ್ರಸ್ತಾವನೆ, ಐದು ಅಂಕಗಳು. ಪ್ರತಿ ಅಂಕದಲ್ಲಿಯೂ ಮೇಳಗಾನ, ನೃತ್ಯ. ಯಂತ್ರಗಳ ಮೇಲೆ ಆಕಾಶದಿಂದ ಇಳಿದು ಬರುವ ದೇವತೆಗಳು. ಮಾತು ಮತ್ತು ಹಾಡುಗಳ ನಡುವೆ ಗೋಡೆಯಿಲ್ಲ. ಮಾತೇ ರಾಗವಾಗಿ ಏರಿ ಮತ್ತೆ ಮಾತಿಗಿಳಿಯುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ತೀರ ಅಪರಿಚಿತವೆನಿಸದು. ಇಟಲಿಯಲ್ಲಿ ವೀರ ನಾಯಕರ ಪಾತ್ರಗಳನ್ನು ಬಾಲ್ಯದಲ್ಲಿಯೇ ಬೀಜ ತೆಗೆಸಿಕೊಂಡ ಗಾಯಕರು ಹೆಣ್ಣುದನಿಯಲ್ಲಿ ಹಾಡುತ್ತಿದ್ದರೆ, ಫ್ರೆಂಚರು ಅದನ್ನು ಒಲ್ಲದೆ, ಸಹಜವಾಗಿಯೇ ಬಹು ಎತ್ತರಕ್ಕೇರಬಲ್ಲ ಗಂಡುದನಿಗೆ ನಾಯಕನ ಪಾತ್ರವನ್ನು ಕೊಡುತ್ತಿದ್ದರು.

ಇನ್ನು ಕಥೆ. ಮೂಲ ಗ್ರೀಸಿನದು. ಯೂರಿಪಿಡೀಸನ 'ಹಿಪೊಲಿಟಸ್' ಕ್ರಿಸ್ತಪೂರ್ವ 428ರಲ್ಲಿ ಬಹುಮಾನ ಪಡೆದ ರುದ್ರನಾಟಕ. ರೋಮಿನ ಸೆನೆಕಾ ಅದನ್ನು ಇನ್ನೊಂದು ರೀತಿ ಬರೆದ. 1677ರಲ್ಲಿ ಫ್ರಾನ್ಸಿನ ಮಹಾಕವಿ ರಾಸೀನ್ 'ಫೆದ್ರ್' ಬರೆದು, ಅರಿಸಿ ಎಂಬ ರಾಜಕುಮಾರಿಯನ್ನು ಕಥೆಯೊಳಕ್ಕೆ ತಂದ. ಅಥೆನ್ಸಿನ ದೊರೆ ಥೀಸಿಯಸ್. ಅವನ ಮೊದಲ ಸಂಬಂಧದ ಮಗ ಹಿಪೊಲಿಟಸ್. ಎರಡನೆಯ ರಾಣಿ ಫೀಡ್ರಾ ಮಲಮಗನಲ್ಲಿಯೇ ಮನಸ್ಸಿಟ್ಟು ಬೇಯುತ್ತಾಳೆ, ಅವನು ನಿರಾಕರಿಸುತ್ತಾನೆ, ಅಪವಾದ ಅವನ ಮೇಲೆಯೇ ಬರುತ್ತದೆ, ತಂದೆ ವಿಚಾರಿಸದೆ ಶಪಿಸುತ್ತಾನೆ, ಕಡಲಿನಿಂದೆದ್ದ ಭೂತ ಮಗನನ್ನು ಆಪೋಶನ ತೆಗೆದುಕೊಳ್ಳುತ್ತದೆ.

ಹತ್ತನೆಯ ತರಗತಿಯಲ್ಲಿ ನನ್ನ ಪಾಠ ಕೇಳಿದವರಿಗೆ ಈ ಕಥೆ ಓದಿದೊಡನೆ ಇನ್ನೊಬ್ಬನ ನೆನಪಾಗಿರಬೇಕು. ಹೌದು, ನಮ್ಮ ಕಂಪಿಲಿಯ ಕುಮಾರರಾಮ. ಚೆಂಡಾಟದಲ್ಲಿ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬಿದ್ದದ್ದು, ತರಲು ಹೋದ ರಾಮನನ್ನು ಅವಳು ಬಯಸಿದ್ದು, ಅವನು 'ನೀವು ತಾಯಿ' ಎಂದು ಬಿಡಿಸಿಕೊಂಡು ಬಂದದ್ದು, ಅವಳ ದೂರು ಕೇಳಿ ಕಂಪಿಲರಾಯ ಮಗನ ತಲೆ ತೆಗೆಯಲು ಆಜ್ಞೆ ಮಾಡಿದ್ದು. ಹದಿನಾರನೆಯ ಶತಮಾನದ ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ್ದಾನೆ. ಗ್ರೀಕರ ಕಥೆ ನಮಗೆ ಬಂದಿತೆಂದೋ ನಮ್ಮದು ಅಲ್ಲಿಗೆ ಹೋಯಿತೆಂದೋ ನಾನು ಹೇಳುತ್ತಿಲ್ಲ. ಅಶೋಕನ ಮಗ ಕುಣಾಲನ ಕಥೆಯೂ ಇಂಥದೇ. ಕಂಪಿಲಿಯಲ್ಲಿ ಮಾತ್ರ ಒಂದು ವ್ಯತ್ಯಾಸವಿತ್ತು: ಅಲ್ಲಿ ಬೈಚಪ್ಪನೆಂಬ ಮಂತ್ರಿಯಿದ್ದ. ಅವನು ದೊರೆಯ ಆಜ್ಞೆಯನ್ನು ಪಾಲಿಸಿದಂತೆ ತೋರಿಸಿ ಹುಡುಗನನ್ನು ನೆಲಮಾಳಿಗೆಯಲ್ಲಿ ಅಡಗಿಸಿಟ್ಟ. ಥೀಸಿಯಸನಿಗೆ ಬೈಚಪ್ಪನಿರಲಿಲ್ಲ.

ರಾಸೀನನ ಕೃತಿಯ ಎದುರು ನಿಲ್ಲುವ ಧೈರ್ಯ ತನಗಿಲ್ಲವೆಂದು ಅರಿತಿದ್ದ ಪೆಲ್ಲೆಗ್ರ್ಯಾಂ ಒಂದು ಜಾಣತನ ಮಾಡಿದ. ರಾಸೀನನಲ್ಲಿ ಎಲ್ಲವೂ ಫೀಡ್ರಾಳ ಸುತ್ತ ತಿರುಗುತ್ತದೆ. ಈತ ಥೀಸಿಯಸನನ್ನು ನಡುವಿಗೆ ತಂದು ನಿಲ್ಲಿಸಿದ. ನಾಟಕದ ಹೆಸರು ಯುವಪ್ರೇಮಿಗಳದು. ನಾಟಕ ಮಾತ್ರ ತಂದೆಯದು. ಹಿಪೊಲಿಟಸ್ ಒಳ್ಳೆಯವನು, ಅರಿಸಿ ಇನ್ನೂ ಒಳ್ಳೆಯವಳು. ಥೀಸಿಯಸನಿಂದ ತನ್ನ ವಂಶವೇ ಅಳಿದುಹೋದವಳು, ಬಲವಂತದ ಸನ್ಯಾಸಕ್ಕೆ ಗುರಿಯಾದವಳು. ಮೊದಲಂಕದಲ್ಲಿ ಡಯಾನಾ ದೇವಿಯ ಗುಡಿಯ ಪೂಜಾರಿಣಿಯರು, ಒಲ್ಲದ ಹೃದಯವನ್ನು ದೇವರಿಗೆ ಬಲವಂತವಾಗಿ ಒಪ್ಪಿಸಕೂಡದೆಂದು ರಾಣಿಗೇ ಎದುರಾಗುವ ದೃಶ್ಯ ಚೆನ್ನಾಗಿದೆ. ಆದರೆ ಈ ಇಬ್ಬರೂ ನೆನಪಿನಲ್ಲಿ ಬಹಳ ಹೊತ್ತು ನಿಲ್ಲುವವರಲ್ಲ. ನಿಲ್ಲುವವರು ಫೀಡ್ರಾ ಮತ್ತು ಥೀಸಿಯಸ್.

ಥೀಸಿಯಸನು ಸಮುದ್ರರಾಜ ನೆಪ್ಚೂನನ ಮಗ. ಮೂರು ಬಾರಿ ಕರೆದರೆ ಮೂರು ಬಾರಿಯೂ ನೆರವಾಗುವೆನೆಂದು ನೆಪ್ಚೂನ್ ಮಾತು ಕೊಟ್ಟಿದ್ದಾನೆ. ನಮ್ಮ ದಶರಥ ಕೊಟ್ಟದ್ದು ಎರಡೇ ವರ. ಅಷ್ಟರಿಂದಲೇ ಏನಾಯಿತೆಂದು ನಿಮಗೆ ಗೊತ್ತು. ಎರಡನೆಯ ಅಂಕವೆಲ್ಲ ಪಾತಾಳದಲ್ಲಿ. ಯಮನ ರಾಣಿಯನ್ನೇ ಅಪಹರಿಸಲು ಹೋಗಿ ಸಿಕ್ಕಿಬಿದ್ದ ಗೆಳೆಯನೊಬ್ಬನನ್ನು ಬಿಡಿಸಲು ಥೀಸಿಯಸ್ ಜೀವಂತನಾಗಿಯೇ ನರಕಕ್ಕೆ ಇಳಿದಿದ್ದಾನೆ. ಒಳಹೊಗಲು ಒಂದು ವರ ಖರ್ಚಾಗಿದೆ. ಗೆಳೆಯ ಸಿಗಲಿಲ್ಲ. ಹೊರಬರಲು ಎರಡನೆಯ ವರವನ್ನು ಬೇಡುತ್ತಾನೆ. ಬಿಡುಗಡೆಯೇನೋ ಆಗುತ್ತದೆ, ಆದರೆ ಹೊರಡುವ ಮುನ್ನ ವಿಧಿಯ ಮೂವರು ಸೋದರಿಯರು ಅವನಿಗೊಂದು ಭವಿಷ್ಯ ನುಡಿಯುತ್ತಾರೆ. ನರಕವನ್ನು ಬಿಟ್ಟು ಹೋಗುತ್ತಿದ್ದೀಯೆ, ಆದರೆ ಮನೆಯಲ್ಲಿಯೇ ನರಕ ನಿನ್ನನ್ನು ಕಾದಿದೆ ಎಂಬುದು ಅದರ ತಾತ್ಪರ್ಯ.

ಈ ಮೂವರ ಹಾಡು ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧ. ನಮ್ಮ ರೀತಿಯಲ್ಲಿ ಹೇಳುವುದಾದರೆ ಹೀಗೆ ಊಹಿಸಿಕೊಳ್ಳಿರಿ: ಮೂವರು ಗಾಯಕರು ಕೂಡಿ ಹಾಡುತ್ತಿದ್ದಾರೆ, ಹಿಂದೆ ಮಿಡಿಯುತ್ತಿರುವ ತಂಬೂರಿಯ ಆಧಾರಶ್ರುತಿಯೇ ಒಂದೊಂದು ಸಾಲಿಗೆ ಅರ್ಧ ಸ್ವರದಷ್ಟು ಕೆಳಕ್ಕೆ ಜಾರುತ್ತಿದೆ. ಯಾವುದು ಷಡ್ಜವೆಂದು ಹಿಡಿದಿದ್ದೆವೋ ಅದು ಮರುಕ್ಷಣ ಷಡ್ಜವಲ್ಲ. ಕಾಲಡಿಯ ನೆಲ ಕುಸಿಯುವ ಅನುಭವ. 1733ರ ಗಾಯಕರಿಗೆ ಇದನ್ನು ಹಾಡಲಾಗದೆ ಆ ಭಾಗವನ್ನೇ ಬಿಟ್ಟುಬಿಡಬೇಕಾಯಿತು. ನಾಲ್ಕು ವರ್ಷಗಳ ಮೇಲೆ ತನ್ನ ಶಾಸ್ತ್ರಗ್ರಂಥವೊಂದರಲ್ಲಿ ರಾಮೋ ಈ ನೋವನ್ನು ತೋಡಿಕೊಂಡಿದ್ದಾನೆ. ತಾನು ಕಟ್ಟಿದ್ದರಲ್ಲಿ ಅತ್ಯುತ್ತಮವಾದದ್ದು ತನ್ನ ಕಣ್ಣೆದುರೇ ಕಸದ ಬುಟ್ಟಿ ಸೇರುವುದನ್ನು ಐವತ್ತರ ಹರೆಯದಲ್ಲಿ ನೋಡಬೇಕಾದರೆ ಏನನಿಸಿರಬೇಕು!

ಮೂರನೆಯ ಅಂಕ. ದೊರೆ ಸತ್ತನೆಂಬ ಸುದ್ದಿ ಹಬ್ಬಿದೆ. ದಾದಿ ಈನೋನೆಯ ಮಾತು ಕೇಳಿ ಫೀಡ್ರಾ ಮಲಮಗನಿಗೆ ಸಿಂಹಾಸನವನ್ನೂ ತನ್ನನ್ನೂ ಒಪ್ಪಿಸಲು ಬರುತ್ತಾಳೆ. ಅವನಿಗೆ ಮೊದಲು ಅರ್ಥವೇ ಆಗುವುದಿಲ್ಲ. ಅರ್ಥವಾದಾಗ ಹೌಹಾರುತ್ತಾನೆ. ನಾಚಿಕೆಯಿಂದ ಕುಸಿದ ಅವಳು ತನ್ನನ್ನು ಕೊಂದುಬಿಡೆಂದು ಅವನ ಕತ್ತಿಯನ್ನೇ ಸೆಳೆದುಕೊಳ್ಳುತ್ತಾಳೆ. ಅವನು ಅದನ್ನು ಮರಳಿ ಕಿತ್ತುಕೊಳ್ಳುತ್ತಾನೆ. ಸರಿಯಾಗಿ ಆ ಕ್ಷಣದಲ್ಲಿ, ಕತ್ತಿ ಹಿಡಿದ ಮಗ, ಎದುರು ನಡುಗುತ್ತಿರುವ ಹೆಂಡತಿ, ಬಾಗಿಲಲ್ಲಿ ಥೀಸಿಯಸ್.

ಫೀಡ್ರಾ ಅಸ್ಪಷ್ಟವಾಗಿ ಎರಡು ಮಾತಾಡಿ ಹೊರಟುಹೋಗುತ್ತಾಳೆ. ದಾದಿ ಪೂರ್ತಿ ಹೇಳದೆ, ಹೇಳದಿರುವುದರಿಂದಲೇ ಎಲ್ಲವನ್ನೂ ಹೇಳುತ್ತಾಳೆ. ಮಗ ಬಾಯಿ ತೆರೆಯುವುದಿಲ್ಲ. ತೆರೆದರೆ ತಂದೆಯ ಮನೆಯ ಮಾನ ಹೋಗುತ್ತದೆ. ದೇಶ ಬಿಟ್ಟು ಹೋಗಲು ಅಪ್ಪಣೆ ಕೊಡಿರೆಂದಷ್ಟೇ ಕೇಳುತ್ತಾನೆ. ತಂದೆಗೆ ಆ ಮೌನವೇ ತಪ್ಪೊಪ್ಪಿಗೆಯಾಗಿ ಕಾಣುತ್ತದೆ.

ಇದಾದ ಮೇಲೆ ಬರುವುದು ನನ್ನ ನಿದ್ದೆ ಕೆಡಿಸಿದ ಭಾಗ. ದೊರೆ ಸುಖವಾಗಿ ಮರಳಿದನೆಂದು ಊರ ಜನ, ನಾವಿಕರು ಗುಂಪುಗೂಡಿ ಬಂದು ಕುಣಿಯತೊಡಗುತ್ತಾರೆ. ಪ್ರತಿ ಅಂಕದಲ್ಲಿ ನೃತ್ಯವಿರಬೇಕೆಂಬುದು ಆ ಕಾಲದ ಕಟ್ಟಳೆ. ಸಾಮಾನ್ಯವಾಗಿ ಅದು ಕಥೆಗೆ ಅಂಟಿಸಿದ ಅಲಂಕಾರ. ಇಲ್ಲಿ ಹಾಗಲ್ಲ. ಒಳಗೆ ಬೆಂಕಿ ಉರಿಯುತ್ತಿರುವ ಮನುಷ್ಯ ಹೊರಗೆ ಮುಗುಳ್ನಗುತ್ತ ಪ್ರಜೆಗಳ ಅಭಿನಂದನೆ ಸ್ವೀಕರಿಸುತ್ತ ಕೂರಬೇಕು. ಕುಣಿತ ಎಷ್ಟು ಲವಲವಿಕೆಯದೋ ನಮಗೆ ಅಷ್ಟು ಹಿಂಸೆ. ಜನ ಚದುರಿದೊಡನೆ ಅವನು ಕಡಲಿನ ಕಡೆ ತಿರುಗಿ ಮೂರನೆಯ ವರವನ್ನು ಬೇಡುತ್ತಾನೆ. ಹಾಡು ಅಬ್ಬರದ್ದಲ್ಲ. ಅಬ್ಬರಿಸಿದ್ದರೆ ಕೋಪವೆಂದು ಬಿಡಬಹುದಿತ್ತು. ಗಂಭೀರವಾಗಿ, ನೋವಿನಿಂದ, ತಾನು ನ್ಯಾಯವನ್ನೇ ಕೇಳುತ್ತಿದ್ದೇನೆಂಬ ಪೂರ್ಣ ನಂಬಿಕೆಯಿಂದ ಹಾಡುತ್ತಾನೆ. ಸಮುದ್ರ ಉಕ್ಕುತ್ತದೆ. ಬೇಡಿಕೆ ಸಂದಿತೆಂದು ಅವನಿಗೆ ತಿಳಿಯುತ್ತದೆ.

ಆ ಮುಖವನ್ನು ನಾನು ಬಲ್ಲೆ. ಆ ಮುಖ ಒಮ್ಮೆ ನನ್ನದಾಗಿತ್ತು.

ತೊಂಬತ್ತರ ದಶಕದ ಮಾತು. ಯಾವ ಊರು, ಯಾವ ಶಾಲೆ ಎಂಬುದು ಬೇಡ. ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ್ದ ಹಣದಲ್ಲಿ 340 ರೂಪಾಯಿ ನನ್ನ ಮೇಜಿನ ಖಾನೆಯಿಂದ ಕಾಣೆಯಾಯಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಶಿಕ್ಷಕರ ಕೊಠಡಿಯಿಂದ ಹೊರಬಂದುದನ್ನು ಕಂಡವರಿದ್ದರು. ಕರೆಸಿ ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಮತ್ತೆ ಕೇಳಿದೆ. 'ಇಲ್ಲ' ಎನ್ನಲಿಲ್ಲ, 'ಹೌದು' ಎನ್ನಲಿಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಅವನನ್ನು ನಿಲ್ಲಿಸಿ ಮಾತಾಡಿದೆ. ಕೈ ಎತ್ತಲಿಲ್ಲ, ಎತ್ತಿದ್ದರೆ ವಾಸಿಯಿತ್ತೇನೋ. ಆ ದಿನ ನಾನು ಬಹಳ ಚೆನ್ನಾಗಿ ಮಾತಾಡಿದೆನೆಂದು ಸಹೋದ್ಯೋಗಿಗಳು ಮೆಚ್ಚಿದರು. ಹುಡುಗ ಅದರ ಮರುದಿನದಿಂದ ಶಾಲೆಗೆ ಬರಲಿಲ್ಲ. ತಾಯಿಯೊಬ್ಬಳೇ ಇದ್ದ ಮನೆ. ಊರು ಬಿಟ್ಟನೆಂದು ಕೇಳಿದೆ.

ನನ್ನ ಬೀಳ್ಕೊಡುಗೆಯ ದಿನ, ಹಾರ ತುರಾಯಿಗಳೆಲ್ಲ ಮುಗಿದ ಮೇಲೆ, ಮಧ್ಯವಯಸ್ಸಿನ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ಆ ಹುಡುಗನ ಅಣ್ಣ. ಆಗ ಅದೇ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದವರು. "ಸಾರ್, ಆ ದುಡ್ಡು ತೆಗೆದದ್ದು ನಾನು. ತಮ್ಮ ನನ್ನನ್ನು ಹುಡುಕಿಕೊಂಡು ಒಳಗೆ ಬಂದಿದ್ದ, ನೋಡಿದ" ಎಂದರು. ಪಬ್ಲಿಕ್ ಪರೀಕ್ಷೆಗೆ ಕೂರಬೇಕಿದ್ದ ಅಣ್ಣನ ಹೆಸರು ಕೆಡಬಾರದೆಂದು ತಮ್ಮ ಬಾಯಿ ಬಿಟ್ಟಿರಲಿಲ್ಲ. ಹೊರಗೆ ಪಡಸಾಲೆಯಲ್ಲಿ ಹುಡುಗಿಯರು ಇನ್ನೂ ಹಾಡುತ್ತಿದ್ದರು. ನಾನು ಮುಗುಳ್ನಗುತ್ತ ಬಂದವರಿಗೆಲ್ಲ ಕೈಮುಗಿಯುತ್ತಲೇ ಇದ್ದೆ. ಇದನ್ನು ಬರೆಯಲು ಆ ಅಣ್ಣನ ಒಪ್ಪಿಗೆ ಪಡೆದಿದ್ದೇನೆ.

ನಾಟಕಕ್ಕೆ ಮರಳೋಣ. ನಾಲ್ಕನೆಯ ಅಂಕದಲ್ಲಿ ಕಡಲ ತಡಿಯ ಡಯಾನಾಳ ವನ. ದೇಶಭ್ರಷ್ಟನ ಜೊತೆ ತಾನೂ ಬರುವೆನೆಂದು ಅರಿಸಿ ಒಪ್ಪುತ್ತಾಳೆ, ಬೇಟೆಗಾರರ ಕುಣಿತ ನಡೆಯುತ್ತದೆ, ಅಷ್ಟರಲ್ಲಿ ಅಲೆಗಳಿಂದ ಭೂತ ಏಳುತ್ತದೆ. ಹಿಪೊಲಿಟಸ್ ಅದನ್ನೆದುರಿಸಿ ಬೆಂಕಿ ಹೊಗೆಯ ನಡುವೆ ಕಾಣೆಯಾಗುತ್ತಾನೆ. ಗದ್ದಲ ಕೇಳಿ ಬಂದ ಫೀಡ್ರಾಳಿಗೆ ಜನರ ಮೇಳವೇ ಸಾವಿನ ಸುದ್ದಿ ಹೇಳುತ್ತದೆ. ಆಗ ಅವಳು ಎಲ್ಲರೆದುರು ತನ್ನ ತಪ್ಪನ್ನು ಒಪ್ಪಿಕೊಳ್ಳುವ ಹಾಡಿದೆ. ಸಿಡಿಲು ಬೀಳುವುದರೊಳಗೆ ದೊರೆಗೆ ಸತ್ಯ ಹೇಳಲು ಅವಕಾಶ ಕೊಡಿರೆಂದು ದೇವತೆಗಳನ್ನು ಬೇಡುತ್ತಾಳೆ. ಇಷ್ಟು ಹೊತ್ತು ಅವಳನ್ನು ಶಪಿಸುತ್ತ ಕುಳಿತಿದ್ದ ನನಗೆ ಇಲ್ಲಿ ಅವಳ ಮೇಲೆ ಗೌರವ ಹುಟ್ಟಿತು. ರತ್ನಾಜಿಗಿಂತ ಇವಳು ದೊಡ್ಡವಳು. ಮೊದಲ ಪ್ರಯೋಗದಲ್ಲಿ ಈ ಪಾತ್ರವನ್ನು ಮಾರಿ ಆಂತ್ಯೆ ಎಂಬ ಹಿರಿಯ ಗಾಯಕಿ ನಿರ್ವಹಿಸಿದ್ದಳು. ಥೀಸಿಯಸನ ಪಾತ್ರ ಶಾಸೆ ಎಂಬವನದು.

ಐದನೆಯ ಅಂಕದಲ್ಲಿ ಫೀಡ್ರಾ ಸತ್ಯ ಹೇಳಿ ಪ್ರಾಣ ಬಿಟ್ಟಿದ್ದಾಳೆ. ಥೀಸಿಯಸ್ ಸಮುದ್ರಕ್ಕೆ ಹಾರಲು ಬರುತ್ತಾನೆ. ನೆಪ್ಚೂನ್ ಎದ್ದು ತಡೆಯುತ್ತಾನೆ. ನಿನ್ನ ಮಗ ಸತ್ತಿಲ್ಲ, ಡಯಾನಾ ಅವನನ್ನು ಕಾಪಾಡಿದ್ದಾಳೆ. ಆದರೆ ವಿಚಾರಿಸದೆ ಶಪಿಸಿದ್ದಕ್ಕಾಗಿ ನೀನು ಅವನನ್ನು ಇನ್ನೆಂದೂ ನೋಡುವಂತಿಲ್ಲ ಎನ್ನುತ್ತಾನೆ. ಥೀಸಿಯಸ್ ಎದುರು ವಾದಿಸುವುದಿಲ್ಲ. ಶಿಕ್ಷೆಯನ್ನು ಒಪ್ಪಿ ರಂಗದಿಂದ ನಿರ್ಗಮಿಸುತ್ತಾನೆ. ಮತ್ತೆ ಬರುವುದಿಲ್ಲ. ಮುಂದಿನದು ಇಟಲಿಯ ಅರಿಸಿಯಾ ವನದಲ್ಲಿ ಪ್ರೇಮಿಗಳ ಪುನರ್ಮಿಲನ, ಹಕ್ಕಿಗಳ ಹಾಡು, ಕುರುಬರ ಕುಣಿತ, ಶುಭಂ. ಮಧುರವಾಗಿದೆ. ಆದರೆ ನನ್ನ ಮನಸ್ಸು ಹೊರಟುಹೋದವನ ಹಿಂದೆಯೇ ಇತ್ತು.

ನಾಟಕ ಪ್ಯಾರಿಸನ್ನು ಎರಡಾಗಿ ಸೀಳಿತು. ಲುಲ್ಲಿಯ ಸರಳತೆಗೆ ಒಗ್ಗಿದ ಕಿವಿಗಳಿಗೆ ಇದು ಗದ್ದಲ, ಕಗ್ಗಂಟು. ಹಿರಿಯ ಸಂಗೀತಗಾರ ಕಾಂಪ್ರಾ ಮಾತ್ರ, ಹತ್ತು ನಾಟಕಗಳಿಗೆ ಸಾಲುವಷ್ಟು ಸಂಗೀತ ಇದೊಂದರಲ್ಲಿದೆ, ಈ ಮನುಷ್ಯ ನಮ್ಮನ್ನೆಲ್ಲ ಮರೆಸಿಬಿಡುತ್ತಾನೆ ಎಂದನಂತೆ. 1734ರಲ್ಲಿ ಒಂದು ಪತ್ರಿಕೆಯಲ್ಲಿ ಬಂದ ಹೆಸರಿಲ್ಲದ ಲೇಖನವೊಂದು ಈ ಕೃತಿಯನ್ನು ಹಳಿಯಲು 'ಬರೋಕ್' ಎಂಬ ಪದವನ್ನು ಬಳಸಿತು. ವಿಕಾರ, ಸೊಟ್ಟ ಎಂಬರ್ಥದ ಬೈಗುಳ. ಸಂಗೀತಕ್ಕೆ ಆ ಪದ ಬಳಕೆಯಾದ ಮೊದಮೊದಲ ಉದಾಹರಣೆ ಇದು. ಇಂದು ಆ ಇಡೀ ಯುಗದ ಸಂಗೀತಕ್ಕೆ ಅದೇ ಗೌರವದ ಹೆಸರು! ರಾಮೋ 1764ರಲ್ಲಿ ಎಂಬತ್ತು ದಾಟಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದ. ಈ ನಾಟಕ 1742ರಲ್ಲಿ, 1757ರಲ್ಲಿ ಮತ್ತೆ ರಂಗವೇರಿತು. ಅನಂತರ ಬಹುಕಾಲ ಮೌನ. 1908ರಲ್ಲಿ ಪ್ಯಾರಿಸ್ ಅದನ್ನು ಮತ್ತೆ ನೆನೆಯಿತು. ಬಿಟ್ಟುಬಿಟ್ಟಿದ್ದ ಮೂವರ ಹಾಡನ್ನು ಇಂದಿನ ಗಾಯಕರು ನಿರಾಯಾಸವಾಗಿ ಹಾಡುತ್ತಾರೆ. ಕೇಳಲು ರಾಮೋ ಇಲ್ಲ.

ಆ ಅಣ್ಣನಿಗೂ ತಮ್ಮನ ವಿಳಾಸ ತಿಳಿಯದು. ಬಹಳ ವರ್ಷಗಳ ಹಿಂದೆ ಗೋವೆಯ ಕಡೆಯಿಂದ ತಾಯಿಯ ಹೆಸರಿಗೆ ಒಂದು ಮನಿಯಾರ್ಡರ್ ಬಂದಿತ್ತಂತೆ. 340 ರೂಪಾಯಿ, ಶಾಲೆಗೆ ಕಟ್ಟಲು. ಆ ತಾಯಿ ಕಟ್ಟಿರಲಿಲ್ಲ, ಹಾಗೆಯೇ ಇಟ್ಟಿದ್ದರು. ಅಣ್ಣ ಆ ದಿನ ಅದನ್ನು ಲಕೋಟೆಯಲ್ಲಿ ನನ್ನ ಕೈಗೆ ಕೊಟ್ಟರು. ಲಕೋಟೆ ನನ್ನ ಮೇಜಿನ ಖಾನೆಯಲ್ಲಿದೆ. ಆ ವರ್ಷದ ತರಗತಿಯವರು ಇದನ್ನು ಓದುತ್ತಿದ್ದರೆ ಹುಡುಗ ಯಾರೆಂದು ನಿಮಗೆ ತಿಳಿದಿರುತ್ತದೆ. ಹೆಸರನ್ನು ಎಲ್ಲಿಯೂ ಬರೆಯಬೇಡಿರಿ. ಅವನ ಸುದ್ದಿಯೇನಾದರೂ ಗೊತ್ತಿದ್ದರೆ ನನಗೆ ಖಾಸಗಿಯಾಗಿ ಒಂದು ಪತ್ರ ಹಾಕಿರಿ.